ಕೋಳಿ ಸೀನ್ತಿದ್ಯಾ? ಸಂತೆಗೆ ಒಯ್ಯೋ ಮುಂಚೆ ಇದನ್ನ ಓದಿ

ಹೋದ ವರ್ಷ ಶಿವರಾತ್ರಿ ಕಳೆದು ನಾಲ್ಕೈದು ದಿನ ಆಗಿತ್ತು. ಬೆಳಗ್ಗೆ ಅಮ್ಮ ಗೂಡಿನ ಬಾಗಿಲು ತೆಗೆದಾಗ ಎಲ್ಲ ಕೋಳಿ ಈಚೆ ಓಡಿ ಬಂದ್ವು, ಎರಡು ಮಾತ್ರ ಬರಲಿಲ್ಲ. ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ತೂಕಡಿಸ್ತಾ ಕೂತಿದ್ವು. ಅದರಲ್ಲಿ ಒಂದು ಕತ್ತು ಮುಂದಕ್ಕೆ ಚಾಚಿ, ಬಾಯಿ ತೆರೆದು ಉಸಿರು ಎಳೀತಿತ್ತು. ಎಳೆದಾಗೆಲ್ಲ ಗೊರ ಗೊರ ಸದ್ದು. ಐದು ದಿನದ ಹಿಂದೆ ಸಂತೆಯಿಂದ ತಂದಿದ್ದ ಹ್ಯಾಟೆಗಳು ಅವು. ಮಾರಿದವನು ಕೇಳಿದ ರೇಟಿಗಿಂತ ತುಂಬಾ ಇಳಿಸಿ ಕೊಟ್ಟಿದ್ದ. ಅಮ್ಮ ಅದು ತನ್ನ ಚೌಕಾಸಿಯ ಜಾಣತನ ಅಂದ್ಕೊಂಡಿದ್ಲು.

ಆಗ ನಮ್ಮ ಮನೇಲಿ ಸಣ್ಣದು ದೊಡ್ಡದು ಸೇರಿ 23 ಕೋಳಿ ಇದ್ವು. ಹತ್ತು ದಿನ ಕಳೆಯೋ ಹೊತ್ತಿಗೆ ಉಳಿದದ್ದು 4. ಅದರಲ್ಲಿ ಒಂದರ ಕತ್ತು ಇವತ್ತಿಗೂ ಸೊಟ್ಟ.

ಇದರ ಮಧ್ಯೆ ನಡೆದ ಇನ್ನೊಂದು ವಿಷಯ ಹೇಳ್ಲೇಬೇಕು. ಎರಡನೇ ದಿನ ಇನ್ನೂ ಮೂರು ಕೋಳಿ ಮಂಕಾದಾಗ "ಸಾಯೋಕ್ಮುಂಚೆ ನಾಲ್ಕು ಕಾಸಾದ್ರೂ ಬರ್ಲಿ" ಅಂತ ಅಮ್ಮ ಅವನ್ನ ಚೀಲಕ್ಕೆ ಹಾಕಿ ಕೊಟ್ಟಳು. ನಾನೇ ಬೈಕಲ್ಲಿ ತಗೊಂಡು ಹೋಗಿ ಒಂದು ಚಿಕನ್ ಅಂಗಡಿಗೆ ಅರ್ಧ ರೇಟಿಗೆ ಮಾರಿ ಬಂದೆ. ಅಂಗಡಿಯವನು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಒಂದು ವಾರ ಆದ್ಮೇಲೆ ಆ ಅಂಗಡಿ ಹಿಂದಿನ ಬೀದೀಲೂ ಕೋಳಿ ಸಾಯೋಕೆ ಶುರು ಆಯ್ತು. ನಮ್ಮ ಕೋಳಿಯಿಂದಲೇ ಹೋಯ್ತು ಅಂತ ಸಾಬೀತು ಮಾಡೋಕೆ ಆಗಲ್ಲ. ಅಲ್ಲ ಅಂತ ಹೇಳೋ ಧೈರ್ಯವೂ ನನಗಿಲ್ಲ. ಸಂತೆಯಲ್ಲಿ ನಮಗೆ ಮಾರಿದವನನ್ನ ಬೈಯ್ಯೋ ಮುಂಚೆ ಇದನ್ನ ಹೇಳ್ಬೇಕು ಅನ್ನಿಸ್ತು. ಅವನು ಮಾಡಿದ್ದನ್ನೇ ನಾವೂ ಮಾಡಿದ್ವಿ.

ಇದು ಯಾವ ರೋಗ?

ನಮ್ಮ ಕಡೆ ಇದನ್ನ ಕೊಕ್ಕರೆ ರೋಗ ಅಂತಾರೆ. ಪಶು ಆಸ್ಪತ್ರೆ ಚೀಟಿಯಲ್ಲಿ ರಾಣಿಖೇತ್ ಅಂತ ಬರೀತಾರೆ. ಹೆಸರಲ್ಲಿ ಕೊಕ್ಕರೆ ಇದ್ರೂ ಕೊಕ್ಕರೆ ಹಕ್ಕಿ ಮೇಲೆ ತಪ್ಪು ಹೊರಿಸೋದು ಬೇಡ, ಇದು ಹೆಚ್ಚಾಗಿ ಕೋಳಿಯಿಂದ ಕೋಳಿಗೇ ಬರೋದು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಹತ್ತಿರ ಕಾಣಿಸಿಕೊಂಡಿದ್ದಕ್ಕೆ ಹೊರಗಿನವರು ನ್ಯೂಕ್ಯಾಸಲ್ ರೋಗ ಅಂತಾರೆ. ಅದಾಗಿ ಒಂದೆರಡು ವರ್ಷದಲ್ಲಿ ಉತ್ತರಾಖಂಡದ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಗುರುತು ಸಿಕ್ಕಿದ್ದರಿಂದ ನಮ್ಮ ದೇಶದಲ್ಲಿ ಆ ಊರಿನ ಹೆಸರೇ ನಿಂತುಬಿಡ್ತು. ಪಾಪ, ಆ ಊರಿನವರು ಏನು ತಪ್ಪು ಮಾಡಿದ್ರೋ.

ಇದು ವೈರಸ್ ರೋಗ. ಕಾಯಿಲೆ ಬಿದ್ದ ಕೋಳಿಯ ಉಸಿರು, ಮೂಗು ಬಾಯಿಯ ಲೋಳೆ, ಹಿಕ್ಕೆ ಎಲ್ಲದರಲ್ಲೂ ವೈರಸ್ ಇರುತ್ತೆ. ಒಂದೇ ಬಟ್ಟಲಲ್ಲಿ ನೀರು ಕುಡಿದ್ರೆ ಬಂತು, ಒಂದೇ ಗೂಡಲ್ಲಿ ಮಲಗಿದ್ರೆ ಬಂತು. ನಿಮ್ಮ ಚಪ್ಪಲಿಗೆ ಮೆತ್ತಿದ ಹಿಕ್ಕೆಯಲ್ಲೂ ಪಕ್ಕದ ಮನೆಗೆ ಹೋಗುತ್ತೆ. ಒಳಗೆ ಹೊಕ್ಕ ಮೇಲೆ ಸಾಮಾನ್ಯವಾಗಿ ಐದಾರು ದಿನಕ್ಕೆ ಲಕ್ಷಣ ತೋರಿಸುತ್ತೆ, ಕೆಲವು ಸಲ ಎರಡೇ ದಿನಕ್ಕೆ, ಕೆಲವು ಸಲ ಎರಡು ವಾರ ಬೇಕಾಗುತ್ತೆ. ಸಂತೇಲಿ ನೋಡಿದಾಗ ಚೆನ್ನಾಗೇ ಇದ್ದ ಕೋಳಿ ಮನೆಗೆ ಬಂದು ಐದನೇ ದಿನಕ್ಕೆ ತೂಕಡಿಸೋದು ಹಿಂಗೆ. ಲಸಿಕೆ ಕಾಣದ ಕೋಳಿಗಳಲ್ಲಿ ರೋಗದ ಜೋರು ತಳಿ ಹೊಕ್ಕಿದ್ರೆ ನೂರಕ್ಕೆ ತೊಂಬತ್ತು, ಕೆಲವು ಸಲ ನೂರಕ್ಕೆ ನೂರೂ ಸಾಯ್ತವೆ.

ಮೊದಲು ಸೀನು, ಕೆಮ್ಮು, ಬಾಯಿ ತೆರೆದು ಉಸಿರು. ಜೊತೆಗೆ ಹಸಿರು ಬಣ್ಣದ ನೀರು ಭೇದಿ. ಮೊಟ್ಟೆ ಇಡ್ತಿದ್ದದ್ದು ನಿಲ್ಲಿಸುತ್ತೆ, ಇಟ್ರೂ ಚಿಪ್ಪು ತೆಳ್ಳಗೆ. ಬದುಕಿ ಉಳಿದವಕ್ಕೆ ನರ ಹಿಡಿಯುತ್ತೆ. ಕಾಲು, ರೆಕ್ಕೆ ಸೋಲುತ್ತೆ, ಕತ್ತು ತಿರುಚಿಕೊಂಡು ಆಕಾಶ ನೋಡ್ತಾ ನಿಲ್ಲುತ್ತೆ. ಹಸಿರು ಭೇದಿ ಮತ್ತು ಕತ್ತು ತಿರುಚೋದು, ಇವೆರಡೂ ಒಟ್ಟಿಗೆ ಕಂಡ್ರೆ ಊರಲ್ಲಿ ಅಜ್ಜಿಯರೇ ಕೊಕ್ಕರೆ ಬಂತು ಅಂತಾರೆ. ಬಹಳ ಸಲ ಅವರ ಮಾತು ಸರಿಯಾಗೇ ಇರುತ್ತೆ.

ಹಾಗಂತ ಸೀನಿದ ಕೋಳಿಗೆಲ್ಲ ಕೊಕ್ಕರೆ ರೋಗವೇ ಅಂತಲ್ಲ. ಒಂದು ಕಡೆ ಮುಖ ಊದಿಕೊಂಡು, ಕಣ್ಣು ಮುಚ್ಚಿಹೋಗಿ, ಮೂಗಿಂದ ಅಂಟು ಸುರಿದು, ಹತ್ತಿರ ಹೋದ್ರೆ ಕೊಳೆತ ವಾಸನೆ ಬಂದ್ರೆ ಅದು ಕೊರೈಜಾ ಅನ್ನೋ ನೆಗಡಿ ಇರಬಹುದು. ಇದು ಬ್ಯಾಕ್ಟೀರಿಯಾದಿಂದ ಬರೋದು. ಒಂದರಿಂದ ಮೂರು ದಿನದಲ್ಲೇ ಪಕ್ಕದ ಕೋಳಿಗೆ ದಾಟುತ್ತೆ, ಆದ್ರೆ ಸಾಯೋದು ಕಡಿಮೆ. ಇನ್ನೊಂದು ಸಿಆರ್‌ಡಿ, ಅಂದ್ರೆ ಹಳೇ ಉಬ್ಬಸದ ಥರ ವಾರಗಟ್ಟಲೆ ಎಳೆಯೋದು. ರಾತ್ರಿ ಗೂಡಿನ ಹತ್ತಿರ ಕಿವಿಕೊಟ್ರೆ ಗೊರಗುಟ್ಟೋದು ಕೇಳುತ್ತೆ, ಹಗಲಲ್ಲಿ ಮೇಯ್ಕೊಂಡೇ ಇರ್ತವೆ. ಅದು ತಾಯಿಯಿಂದ ಮೊಟ್ಟೆ ಮೂಲಕ ಮರಿಗೂ ಬರುತ್ತೆ. ಇನ್ನು ಗೂಡಿನ ಪಕ್ಕದಲ್ಲೇ ಒಲೆ ಹೊಗೆ ಆಡ್ತಿದ್ರೆ, ಅಥವಾ ಹಿಕ್ಕೆ ತೆಗೆಯದೆ ಅಮೋನಿಯಾ ಘಾಟು ತುಂಬಿದ್ರೆ ರೋಗವೇ ಇಲ್ಲದೆಯೂ ಸೀನ್ತವೆ. ನೀವು ಗೂಡಿಗೆ ತಲೆ ಹಾಕಿದಾಗ ನಿಮ್ಮ ಕಣ್ಣೇ ಉರಿದ್ರೆ ಮೊದಲು ಗೂಡು ತೊಳೀರಿ.

ಯಾವುದು ಅಂತ ಖಚಿತ ಮಾಡ್ಕೊಳ್ಳೋಕೆ ಒಂದೇ ದಾರಿ ಅಂದ್ರೆ ಡಾಕ್ಟರ್. ಈಗಷ್ಟೇ ಸತ್ತ ಕೋಳಿಯನ್ನ ಎರಡು ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ, ಸುತ್ತ ಐಸ್ ಇಟ್ಟು ತಾಲ್ಲೂಕು ಪಶು ಆಸ್ಪತ್ರೆಗೆ ತಗೊಂಡು ಹೋಗಿ. ಫ್ರೀಜರ್‌ನಲ್ಲಿಟ್ಟು ಕಲ್ಲು ಮಾಡ್ಬೇಡಿ, ಒಂದು ದಿನ ಬಿಸಿಲಲ್ಲಿ ಬಿಟ್ಟು ಕೊಳೆಸಲೂಬೇಡಿ. ಕೊಯ್ದು ನೋಡಿದಾಗ ಜಠರದ ಒಳಪದರದಲ್ಲಿ ರಕ್ತದ ಚುಕ್ಕೆ ಕಂಡ್ರೆ ಅವರಿಗೆ ರಾಣಿಖೇತ್ ಅನುಮಾನ ಬರುತ್ತೆ. ಬೇಕಾದ್ರೆ ಮಾದರಿಯನ್ನ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸ್ತಾರೆ. ಮನೇಲೇ ಕುಡುಗೋಲು ಹಿಡಿದು ಕೊಯ್ದು ನೋಡೋದು ಬೇಡ.

ಮೊದಲ ದಿನ

ನಾವು ಮೊದಲ ದಿನ ಮಾಡಿದ್ದು ಏನು ಗೊತ್ತಾ? ಕಾಯಿಲೆ ಕೋಳಿಗೆ ಬೆಳ್ಳುಳ್ಳಿ, ಮೆಣಸು ಅರೆದು ಕುಡಿಸಿ, ಪುನಃ ಅದೇ ಗೂಡಿಗೆ ಬಿಟ್ವಿ. ಮಾಡ್ಬೇಕಾಗಿದ್ದು ಸರಿಯಾಗಿ ಇದರ ಉಲ್ಟಾ.

ಮಂಕಾದ ಕೋಳಿಯನ್ನ ಆ ಕ್ಷಣವೇ ಬೇರೆ ಮಾಡಿ. ಮಂಕರಿ ಕೆಳಗೆ ಮುಚ್ಚಿ ಅಂಗಳದ ಇನ್ನೊಂದು ತುದಿಗೆ, ಆದ್ರೆ ಮನೆಯ ಹಿಂಬದಿ ಕೊಟ್ಟಿಗೆಗೆ ಒಯ್ಯಿರಿ. ಅದಕ್ಕೆ ನೀರಿನ ಬಟ್ಟಲು ಬೇರೆ, ಕಾಳು ಹಾಕೋ ತಟ್ಟೆ ಬೇರೆ. ಉಳಿದವನ್ನ ಬೀದಿಗೆ ಬಿಡ್ಬೇಡಿ, ಗೂಡಲ್ಲೋ ಬಲೆ ಒಳಗೋ ಕೂಡಿಹಾಕಿ ಅಲ್ಲೇ ಕಾಳು ಹಾಕಿ. ಪಕ್ಕದ ಮನೆ ಕೋಳಿ ನಿಮ್ಮ ತಿಪ್ಪೆಗೆ ಬರದ ಹಾಗೆ ನೋಡ್ಕೊಳ್ಳಿ. ಇದು ಹೇಳೋದು ಸುಲಭ, ತಿಪ್ಪೆ ಕಂಡ ಕೋಳಿಯನ್ನ ತಡೆಯೋದು ಎಷ್ಟು ಕಷ್ಟ ಅಂತ ನಂಗೂ ಗೊತ್ತು. ಆದ್ರೂ ಆ ಎರಡು ಮೂರು ವಾರ ತಡೀಲೇಬೇಕು.

ನೀರು ಕಾಳು ಕೊಡುವಾಗ ಮೊದಲು ಚೆನ್ನಾಗಿರೋ ಕೋಳಿಗಳ ಹತ್ತಿರ ಹೋಗಿ, ಕಾಯಿಲೆಯವಕ್ಕೆ ಕೊನೇಲಿ. ಆಮೇಲೆ ಸೋಪು ಹಾಕಿ ಕೈಕಾಲು ತೊಳೀರಿ. ಕಾಯಿಲೆ ಕೋಳಿ ಇರೋ ಕಡೆಗೆ ಒಂದು ಜೊತೆ ಹಳೇ ಚಪ್ಪಲಿ ಬೇರೆಯಾಗಿ ಇಡಿ. ಕಾಯಿಲೆ ಕೋಳಿ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡ್ರೆ ನಿಮಗೂ ಕಣ್ಣು ಕೆಂಪಾಗಬಹುದು, ಈ ವೈರಸ್ ಮನುಷ್ಯರಿಗೆ ಮಾಡೋ ತೊಂದರೆ ಸಾಮಾನ್ಯವಾಗಿ ಅಷ್ಟೇ, ಕೆಲವು ದಿನಕ್ಕೆ ವಾಸಿಯಾಗುತ್ತೆ.

ಅಕ್ಕಪಕ್ಕದ ಮನೆಗೆ ಹೇಳಿ. ಇದೇ ಎಲ್ಲರಿಗೂ ಕಷ್ಟ ಆಗೋದು. "ನಿಮ್ಮನೆ ಕೋಳಿಯಿಂದ ಬಂತು" ಅಂತ ಜಗಳ ಬರುತ್ತೆ ಅಂತ ಬಚ್ಚಿಡ್ತಾರೆ. ಬಚ್ಚಿಟ್ರೆ ಜಗಳ ಒಂದು ವಾರ ತಡವಾಗಿ ಬರುತ್ತೆ, ಅಷ್ಟೇ. ಅಷ್ಟರಲ್ಲಿ ಅವರ ಗೂಡೂ ಖಾಲಿ. ಆಮೇಲೆ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ 1962ಕ್ಕೆ ಫೋನ್ ಮಾಡಿ. ಇದು ಬರೀ ಉಪಕಾರದ ಮಾತಲ್ಲ, ಪ್ರಾಣಿಗಳ ಸಾಂಕ್ರಾಮಿಕ ರೋಗದ ಬಗ್ಗೆ 2009ರ ಕೇಂದ್ರ ಕಾಯ್ದೆ ಇದೆ. ಪಟ್ಟಿಯಲ್ಲಿರೋ ರೋಗದ ಅನುಮಾನ ಬಂದ್ರೆ ಪಂಚಾಯಿತಿಗೆ ತಿಳಿಸೋದು, ಕಾಯಿಲೆಯವನ್ನ ಬೇರೆ ಇಡೋದು ಸಾಕಿದವರ ಜವಾಬ್ದಾರಿ ಅಂತ ಅದರಲ್ಲಿದೆ.

ಔಷಧಿ ಅಂಗಡಿಯಲ್ಲಿ ಸಿಗೋದು, ಸಿಗದೇ ಇರೋದು

ಕೊಕ್ಕರೆ ರೋಗಕ್ಕೆ ಔಷಧಿ ಇಲ್ಲ. ತಾಲ್ಲೂಕು ಕೇಂದ್ರದ ಯಾವ ಅಂಗಡಿಗೆ ಹೋದ್ರೂ ಇಲ್ಲ, ಬೆಂಗಳೂರಿಗೆ ಹೋದ್ರೂ ಇಲ್ಲ. "ಕೋಳಿ ಸೀನ್ತಾ ಇದೆ" ಅಂದ ತಕ್ಷಣ ಕೌಂಟರ್ ಮೇಲೆ ಬರೋ ಆ ಹಳದಿ ದ್ರಾವಣದ ಬಾಟಲಿ ಬಹುಪಾಲು ಆ್ಯಂಟಿಬಯೋಟಿಕ್. ಅದು ಬ್ಯಾಕ್ಟೀರಿಯಾ ಕೊಲ್ಲುತ್ತೆ, ವೈರಸ್‌ಗೆ ಏನೂ ಮಾಡಲ್ಲ. ನಾನೂ ಹೋದ ವರ್ಷ ಒಂದು ಬಾಟಲಿ ತಂದಿದ್ದೆ. ಮೂರು ದಿನ ನೀರಿಗೆ ಹಾಕಿದ್ವಿ, ಸಾಯೋ ಕೋಳಿ ಸಾಯ್ತಾನೇ ಇದ್ವು.

ಕೊರೈಜಾ, ಸಿಆರ್‌ಡಿ ಆದ್ರೆ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತೆ. ಆದ್ರೆ ಯಾವುದು, ಎಷ್ಟು, ಎಷ್ಟು ದಿನ ಅನ್ನೋದನ್ನ ಡಾಕ್ಟರ್ ಹೇಳ್ಬೇಕು. ಎರಡನೇ ದಿನ ಚೇತರಿಸಿಕೊಳ್ತು ಅಂತ ನಿಲ್ಲಿಸಿದ್ರೆ ರೋಗ ತಿರುಗಿ ಬರುತ್ತೆ, ಮುಂದಿನ ಸಲ ಅದೇ ಔಷಧಿ ಹಿಡಿಯಲ್ಲ. ಔಷಧಿ ಕೊಡೋ ದಿನಗಳಲ್ಲಿ ಮತ್ತು ಆಮೇಲೆ ಡಾಕ್ಟರ್ ಹೇಳಿದಷ್ಟು ದಿನ ಆ ಕೋಳಿಯ ಮೊಟ್ಟೆ ತಿನ್ನೋದಾಗಲಿ ಮಾರೋದಾಗಲಿ ಬೇಡ, ಔಷಧಿ ಮೊಟ್ಟೆಯಲ್ಲೂ ಇಳಿಯುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಈ ಎರಡೂ ರೋಗದಿಂದ ವಾಸಿಯಾದ ಕೋಳಿ ನೋಡೋಕೆ ಚೆನ್ನಾಗಿದ್ರೂ ಒಳಗೆ ರೋಗಾಣು ಇಟ್ಟುಕೊಂಡೇ ಓಡಾಡುತ್ತೆ. ಹೊಸ ಕೋಳಿ ತಂದು ಜೊತೆಗೆ ಬಿಟ್ಟಾಗೆಲ್ಲ ಹೊಸದಕ್ಕೆ ನೆಗಡಿ. "ನಮ್ಮನೆಗೆ ಹೊಸ ಕೋಳಿ ಆಗಿಬರಲ್ಲ" ಅನ್ನೋರು ಒಂದ್ಸಲ ತಮ್ಮ ಹಳೇ ಹುಂಜದ ಕಡೆ ನೋಡ್ಬೇಕು.

ಮನೆ ಮದ್ದಿನ ಬಗ್ಗೆ ಜನ ಕೇಳ್ತಾರೆ. ಬೆಳ್ಳುಳ್ಳಿ, ಅರಿಶಿನ, ತುಳಸಿ, ಈರುಳ್ಳಿ, ಕೆಲವರು ಬ್ರಾಂದಿ. ಇವು ಯಾವುದೂ ಈ ವೈರಸ್ ಕೊಲ್ಲಲ್ಲ. ಅದಕ್ಕಿಂತ ಅಪಾಯ ಅಂದ್ರೆ ಉಸಿರಿಗೆ ಒದ್ದಾಡ್ತಿರೋ ಕೋಳಿ ಬಾಯಿ ಬಿಡಿಸಿ ಸುರಿದ್ರೆ ಅದು ಶ್ವಾಸನಾಳಕ್ಕೆ ಇಳಿದು ಅಲ್ಲೇ ಸಾಯುತ್ತೆ. ನಾವು ಮಾಡಬಹುದಾದ್ದು ಇಷ್ಟೇ. ಗಾಳಿ ಆಡೋ, ಹೊಗೆ ಇಲ್ಲದ, ರಾತ್ರಿ ಬೆಚ್ಚಗಿರೋ ಜಾಗ. ಕೊಕ್ಕಿಗೆ ಎಟುಕೋ ಹಾಗೆ ಚೊಕ್ಕ ನೀರು, ಅದಕ್ಕೆ ಸ್ವಲ್ಪ ಬೆಲ್ಲ. ಮೂಗು ಕಟ್ಟಿದ್ರೆ ಉಗುರು ಬೆಚ್ಚಗಿನ ಉಪ್ಪುನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆ ಸುಟ್ಟುಬಿಡಿ. ಮೆತ್ತಗೆ ಕಲಸಿದ ಅನ್ನ, ನುಚ್ಚು ತಿಂದ್ರೆ ತಿನ್ನಲಿ. ಬದುಕೋವು ಬದುಕ್ತವೆ.

ಲಸಿಕೆ ಇದೆ, ಆದ್ರೆ ಬಾಟಲಿ ದೊಡ್ಡದು

ಔಷಧಿ ಇಲ್ಲದ ಈ ರೋಗಕ್ಕೆ ಲಸಿಕೆ ಮಾತ್ರ ಚೆನ್ನಾಗಿದೆ, ಅದೂ ಹಳೇದು. ರಾಣಿಖೇತ್ ಇರೋ ಅದೇ ಕುಮಾವೂಂ ಕಡೆಯ ಮುಕ್ತೇಶ್ವರದ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲೇ ತಯಾರಾದ ತಳಿಯನ್ನ ಇವತ್ತಿಗೂ ಆರ್‌ಟುಬಿ ಅನ್ನೋ ಹೆಸರಲ್ಲಿ ಚುಚ್ಚುತ್ತಾರೆ. ನಮ್ಮ ರಾಜ್ಯದಲ್ಲಿ ಹೆಬ್ಬಾಳದ ಸಂಸ್ಥೆಯಲ್ಲೇ ಲಸಿಕೆ ತಯಾರಾಗುತ್ತೆ. ಎಂಬತ್ತು ವರ್ಷದ ಹಿಂದೆ ಸಿಕ್ಕ ಲಸಿಕೆ ಇದ್ದೂ ನಮ್ಮ ಅಮ್ಮನ 19 ಕೋಳಿ ಯಾಕೆ ಹೋದ್ವು?

ಕೇಳಿದ್ರೆ ಉತ್ತರ ಸಿಂಪಲ್. ಲಸಿಕೆ ಬಾಟಲಿ ಸಾಮಾನ್ಯವಾಗಿ 100 ಡೋಸಿನದು, ಫಾರಂನವರಿಗೆ 500, 1000 ಡೋಸಿನವೂ ಇವೆ. ಹತ್ತು ಹದಿನೈದು ಕೋಳಿ ಇರೋ ಮನೆಗೆ ಅಂತ ಬಾಟಲಿ ಇಲ್ಲ. ಒಳಗೆ ಒಣಗಿದ ಸಣ್ಣ ಬಿಲ್ಲೆ ಥರ ಇರುತ್ತೆ, ಅದಕ್ಕೆ ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸ್ಬೇಕು. ಉಳಿದದ್ದನ್ನ ನಾಳೆಗೆ ಇಡೋ ಹಾಗಿಲ್ಲ. ಹಂಗಾಗಿ ಹದಿನೈದು ಕೋಳಿಯವರು ಆಸ್ಪತ್ರೆಗೆ ಹೋಗಿ ಕೇಳೋಕೆ ಸಂಕೋಚ ಪಡ್ತಾರೆ, ಅಲ್ಲಿಯವರಿಗೂ ಒಂದು ಮನೆಗೆ ಒಂದು ಬಾಟಲಿ ಒಡೆಯೋಕೆ ಮನಸ್ಸು ಬರಲ್ಲ. ಹಸುವಿನ ಕಾಲುಬಾಯಿ ಲಸಿಕೆಗೆ ಮನೆಮನೆಗೆ ಬರ್ತಾರೆ. ಕೋಳಿಗೆ ನಾವೇ ಹೋಗ್ಬೇಕು.

ಹಾಗಾಗಿ ಲೆಕ್ಕ ಮನೆಯದ್ದಲ್ಲ, ಬೀದಿಯದ್ದು. ಬೀದಿಯ ಏಳೆಂಟು ಮನೆ ಸೇರಿದ್ರೆ 100 ಕೋಳಿ ಆಗಿಬಿಡುತ್ತೆ. ಸ್ತ್ರೀಶಕ್ತಿ ಸಂಘದ ವಾರದ ಮೀಟಿಂಗಲ್ಲಿ ಯಾರ ಮನೇಲಿ ಎಷ್ಟು ಅಂತ ಬರ್ಕೊಂಡ್ರೆ ಮುಗೀತು. ಆ ಪಟ್ಟಿ ಹಿಡ್ಕೊಂಡು ಪಶು ಆಸ್ಪತ್ರೆಗೆ ಹೋಗಿ ದಿನ ಗೊತ್ತು ಮಾಡ್ಕೊಳ್ಳಿ. ಪಂಚಾಯಿತಿಯಲ್ಲಿ ಪಶು ಸಖಿ ಇದ್ರೆ ಅವರಿಗೆ ಹೇಳಿ. ಕೋಳಿ ರೋಗ ಒಂದು ಮನೆಗೆ ನಿಲ್ಲಲ್ಲ, ಹಾಗಾಗಿ ಲಸಿಕೆ ಒಂದು ಮನೆಗೆ ಹಾಕಿಸಿದ್ರೂ ಪಕ್ಕದ ಮನೆ ಕಾಯಿಲೆ ನಿಮ್ಮ ತಿಪ್ಪೆ ಕೆದಕ್ತಾನೇ ಇರುತ್ತೆ.

ಲಸಿಕೆಯ ಕ್ರಮ ಹೀಗೆ. ಮರಿಗೆ 5ರಿಂದ 7 ದಿನ ಆದಾಗ ಎಫ್ ಅಥವಾ ಲಸೋಟಾ ಅನ್ನೋ ಲಸಿಕೆ, ಕಣ್ಣಿಗೋ ಮೂಗಿಗೋ ಒಂದೇ ಹನಿ. ಹನಿ ಒಳಗೆ ಇಳಿಯೋ ತನಕ ಮರಿಯನ್ನ ಕೈಯಲ್ಲೇ ಹಿಡಿದಿರಿ. ಸುಮಾರು ನಾಲ್ಕು ವಾರಕ್ಕೆ ಲಸೋಟಾ ಇನ್ನೊಂದು ಸಲ, ಇದನ್ನ ಕುಡಿಯೋ ನೀರಲ್ಲೂ ಕೊಡಬಹುದು. ಎಂಟರಿಂದ ಹತ್ತು ವಾರ ಆದ್ಮೇಲೆ ಆರ್‌ಟುಬಿ, ಅರ್ಧ ಎಂಎಲ್, ರೆಕ್ಕೆಯ ಕೆಳಗೆ ಚರ್ಮದಡಿ. 100 ಡೋಸಿನ ಬಾಟಲಿಗೆ 50 ಎಂಎಲ್ ದ್ರಾವಣ ಬೆರೆಸೋದು ಇದೇ ಲೆಕ್ಕಕ್ಕೆ. ಆರ್‌ಟುಬಿ ಸ್ವಲ್ಪ ಗಟ್ಟಿ ಲಸಿಕೆ, ಸಣ್ಣ ಮರಿಗೆ ಚುಚ್ಚಿದ್ರೆ ಲಸಿಕೆಯಿಂದಲೇ ಕಾಯಿಲೆ ಬೀಳಬಹುದು. ದೊಡ್ಡ ಕೋಳಿಯಲ್ಲೂ ಕೆಲವು ದಿನ ಮೊಟ್ಟೆ ಕಡಿಮೆಯಾಗಬಹುದು. ಆಮೇಲೆ ಆರು ತಿಂಗಳಿಗೊಮ್ಮೆ ಹಾಕಿಸ್ತಾ ಹೋಗೋದು.

ಮನೆಕೋಳಿಯ ದೊಡ್ಡ ತಲೆನೋವು ಅಂದ್ರೆ ಒಂದು ಮನೇಲಿ ಮರಿ ಇವತ್ತು ಒಡೆದ್ರೆ ಇನ್ನೊಂದು ಮನೇಲಿ ಮುಂದಿನ ತಿಂಗಳು. ಏಳನೇ ದಿನದ ಹನಿ ಹಾಕೋಕೆ ಪ್ರತಿ ಸಲ ಬಾಟಲಿ ತರೋಕಾಗುತ್ತಾ? ನಮ್ಮ ಬೀದೀಲಿ ಇದಕ್ಕೆ ಅಮ್ಮಂದಿರೇ ದಾರಿ ಹುಡುಕಿದ್ರು. ಮೂರ್ನಾಲ್ಕು ಮನೆಯವರು ಒಂದೇ ವಾರದಲ್ಲಿ ಕಾವು ಕೂರಿಸೋದು. 21 ದಿನಕ್ಕೆ ಎಲ್ಲ ಕಡೆ ಮರಿ ಹೆಚ್ಚುಕಮ್ಮಿ ಒಟ್ಟಿಗೇ ಒಡೀತವೆ, ಒಂದೇ ಬಾಟಲಿ ಸಾಕು. ಮೊಟ್ಟೆ ಕೂಡಿಟ್ಟು ಕಾಯ್ಬೇಕು, ಕಾವಿಗೆ ಬಂದ ಹ್ಯಾಟೆ ಹಠ ಮಾಡುತ್ತೆ, ಆದ್ರೂ ಆಗುತ್ತೆ.

ಲಸಿಕೆ ಕೆಟ್ಟುಹೋಗೋದೇ ಹೆಚ್ಚು ದಾರಿಯಲ್ಲಿ. 2ರಿಂದ 8 ಡಿಗ್ರಿ ತಂಪಲ್ಲಿ ಇರ್ಬೇಕು. ಅಂಗಡಿಯವರು ಫ್ರಿಜ್‌ನಿಂದ ತೆಗೆದು ಕೊಡ್ತಾರಾ, ಇಲ್ಲಾ ಕೌಂಟರ್ ಮೇಲಿಂದಾ ಅಂತ ಕಣ್ಣಲ್ಲೇ ನೋಡಿ. ಮನೆಯಿಂದಲೇ ಐಸ್ ಹಾಕಿದ ಫ್ಲಾಸ್ಕ್ ತಗೊಂಡು ಹೋಗಿ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೆಂದ ಲಸಿಕೆ ಚುಚ್ಚಿಸಿ ಆಮೇಲೆ "ಲಸಿಕೆ ಹಾಕಿದ್ರೂ ಸತ್ವು" ಅಂದ್ರೆ ಲಸಿಕೆ ತಪ್ಪಲ್ಲ. ನೀರಲ್ಲಿ ಕೊಡೋದಾದ್ರೆ ನಲ್ಲಿ ನೀರು ಬೇಡ, ಅದರ ಕ್ಲೋರಿನ್ ಲಸಿಕೆಯನ್ನ ಕೊಲ್ಲುತ್ತೆ. ಬೋರ್ ನೀರಿಗೆ ಲೀಟರ್‌ಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ, ಪ್ಲಾಸ್ಟಿಕ್ ಬಟ್ಟಲಲ್ಲಿಡಿ. ಅದಕ್ಕೂ ಮುಂಚೆ ಒಂದೆರಡು ಗಂಟೆ ನೀರು ಕೊಡದೆ ಬಾಯಾರಿಸಿ. ಬೆಳಗಿನ ತಂಪು ಹೊತ್ತೇ ಒಳ್ಳೇದು. ವಾರ ಮುಂಚೆ ಜಂತುಹುಳದ ಔಷಧಿ ಕೊಟ್ಟಿದ್ರೆ ಲಸಿಕೆ ಇನ್ನೂ ಚೆನ್ನಾಗಿ ಹಿಡಿಯುತ್ತೆ. ಆಗಲೇ ಮಂಕಾಗಿರೋ ಕೋಳಿಗೆ ಲಸಿಕೆ ಹಾಕಿಸಿ ಪ್ರಯೋಜನ ಇಲ್ಲ. ಬೀದಿಗೆ ರೋಗ ಬಂದಾಗಿದ್ರೆ ಉಳಿದವಕ್ಕೆ ಹಾಕೋದಾ ಬೇಡ್ವಾ ಅಂತ ಡಾಕ್ಟರ್ ತೀರ್ಮಾನಿಸಲಿ.

ಯಾವಾಗ ಹಾಕಿಸ್ಬೇಕು? ನಮ್ಮ ಕಡೆ ನಾಟಿ ಕೋಳಿ ಅತಿ ಹೆಚ್ಚು ಕೈ ಬದಲಾಗೋದು ಎರಡು ಸಲ. ಯುಗಾದಿ ಮಾರನೇ ದಿನದ ಹೊಸತೊಡಕು ಒಂದು, ಪಿತೃಪಕ್ಷ ಇನ್ನೊಂದು. ಊರಮ್ಮನ ಜಾತ್ರೆ, ಹರಕೆ ಬೇರೆ. ಆ ವಾರಗಳಲ್ಲಿ ಎಲ್ಲೆಲ್ಲಿಂದಲೋ ಬಂದ ಕೋಳಿಗಳು ಒಂದೇ ಸಂತೆ ಮೈದಾನದಲ್ಲಿ ಕಾಲು ಕಟ್ಟಿಸ್ಕೊಂಡು ಪಕ್ಕಪಕ್ಕ ಬಿದ್ದಿರ್ತವೆ, ಮಾರಾಟ ಆಗದವು ಸಾಯಂಕಾಲ ವಾಪಸ್ ಊರಿಗೆ. ಲಸಿಕೆ ಹಾಕಿ ಶಕ್ತಿ ಬರೋಕೆ ಎರಡು ವಾರ ಬೇಕು. ಶಿವರಾತ್ರಿಗೆ ಮುಂಚೆ ಒಂದ್ಸಲ, ಗೌರಿ ಹಬ್ಬದ ಮುಂಚೆ ಒಂದ್ಸಲ ಅಂತ ಇಟ್ಕೊಂಡ್ರೆ ಆರು ತಿಂಗಳ ಲೆಕ್ಕವೂ ಸರಿಹೋಗುತ್ತೆ, ಎರಡೂ ಹಬ್ಬವೂ ದಾಟುತ್ತೆ.

ಸಂತೆಯಿಂದ ತಂದ ಕೋಳಿಯನ್ನ, ಎಷ್ಟೇ ಚೆಂದ ಇರಲಿ, ಮೂರು ವಾರ ಬೇರೆ ಇಡಿ. ಮಾರೋಕೆ ಒಯ್ದು ವಾಪಸ್ ತಂದ ನಿಮ್ಮದೇ ಕೋಳಿಗೂ ಅದೇ ರೂಲ್ಸ್. ಹರಕೆಗೆ ತಂದದ್ದಾದ್ರೆ ಹರಕೆ ದಿನದ ತನಕ ಮಂಕರಿ ಕೆಳಗೇ ಇರಲಿ.

ಅಂಗಡಿಯವರಿಗೆ ಒಂದೆರಡು ಮಾತು

ಚಿಕನ್ ಅಂಗಡಿಯವರು ಮಂಕು ಕೋಳಿ ನೋಡಿದ ತಕ್ಷಣ ಗುರುತು ಹಿಡೀತಾರೆ, ನಮಗಿಂತ ಬೇಗ. ಅರ್ಧ ರೇಟಿಗೆ ಬಂದ ಮೂರು ಕೋಳಿಯ ಲಾಭ ಒಂದು ದಿನದ್ದು. ಅದೇ ಕೋಳಿ ನಿಮ್ಮ ಪಂಜರದ ಮಿಕ್ಕ ಕೋಳಿಗೂ ಅಂಟಿಸುತ್ತೆ, ಸುತ್ತ ನಾಲ್ಕು ಹಳ್ಳಿಯ ನಾಟಿ ಕೋಳಿ ಸತ್ರೆ ಹೊಸತೊಡಕಿಗೆ ನಿಮಗೆ ಮಾಲು ಎಲ್ಲಿಂದ ಬರುತ್ತೆ? ಪುಕ್ಕ, ಕರುಳು, ತಲೆ ಎಲ್ಲ ಚೀಲಕ್ಕೆ ತುಂಬಿ ಕೆರೆ ಏರಿ ಮೇಲೋ ರಸ್ತೆ ಪಕ್ಕದ ಹಳ್ಳಕ್ಕೋ ಎಸೆಯೋದು ನಮ್ಮ ತಾಲ್ಲೂಕಲ್ಲಿ ಹೊಸದೇನಲ್ಲ. ನಾಯಿ, ಕಾಗೆ ಅದನ್ನ ಎಳ್ಕೊಂಡು ಹೋಗಿ ಯಾರದ್ದೋ ಹಿತ್ತಲಲ್ಲಿ ಬಿಡ್ತವೆ, ಅಲ್ಲಿನ ಕೋಳಿ ಅದನ್ನೇ ಕುಕ್ಕುತ್ತೆ. ಕಸದ ಗಾಡಿಗೆ ಬೇರೆ ಚೀಲದಲ್ಲಿ ಕೊಡಿ, ಗಾಡಿ ಬರದಿದ್ರೆ ಪಟ್ಟಣ ಪಂಚಾಯಿತಿಯಲ್ಲಿ ಕೇಳಿ ಜಗಳ ಮಾಡಿ, ನಾವೂ ಬರೀತೀವಿ. ಪಂಜರವನ್ನ ವಾರಕ್ಕೊಂದು ದಿನ ಪೂರ್ತಿ ಖಾಲಿ ಮಾಡಿ ತೊಳೆದು ಬಿಸಿಲಿಗೆ ಒಣಗಿಸಿದ್ರೂ ಎಷ್ಟೋ ಕಡಿಮೆಯಾಗುತ್ತೆ.

ಕಿರಾಣಿ ಅಂಗಡಿಯಲ್ಲಿ ಮೊಟ್ಟೆಯ ರಟ್ಟಿನ ಟ್ರೇ ಹಳ್ಳಿಗೂ ಫಾರಂಗೂ ಓಡಾಡ್ತಾನೇ ಇರುತ್ತೆ. ಹಿಕ್ಕೆ ಮೆತ್ತಿದ ಟ್ರೇ ವಾಪಸ್ ಕಳಿಸ್ಬೇಡಿ, ಸುಟ್ಟುಬಿಡಿ. ಹಳೇ ಫೀಡ್ ಚೀಲವೂ ಅಷ್ಟೇ.

ಸತ್ತ ಕೋಳಿಯನ್ನ ತಿಪ್ಪೆಗೆ ಎಸೀಬೇಡಿ, ಮಣ್ಣಲ್ಲಿ ಹೂಳಿ. ಬಾವಿ, ಬೋರ್‌ವೆಲ್‌ನಿಂದ ದೂರದಲ್ಲಿ ಮೂರಡಿ ಗುಂಡಿ, ಮೇಲೆ ಸುಣ್ಣ, ಅದರ ಮೇಲೆ ಮಣ್ಣು, ನಾಯಿ ಕೆದಕದ ಹಾಗೆ ಕಲ್ಲು. ಸಾಯೋ ಕೋಳಿಯನ್ನ ಕೊಯ್ದು ಸಾರು ಮಾಡೋ ಅಭ್ಯಾಸ ನಮ್ಮಲ್ಲಿದೆ. ಚೆನ್ನಾಗಿ ಬೆಂದ ಮಾಂಸದಿಂದ ಈ ವೈರಸ್ ಬರಲ್ಲ, ಆದ್ರೆ ಕೊಯ್ಯುವಾಗ ಚೆಲ್ಲೋ ರಕ್ತ, ಪುಕ್ಕ, ಕರುಳೇ ಬೀದಿಗೆ ರೋಗ ಹಂಚೋದು. ಯಾವ ರೋಗ ಅಂತ ಗೊತ್ತಿಲ್ಲದೆ ಕೊಯ್ಯೋದೂ ಕ್ಷೇಮ ಅಲ್ಲ. ಗೂಡನ್ನ ಮೊದಲು ಕೆರೆದು ಹಿಕ್ಕೆ ಎಲ್ಲ ತೆಗೆದು ತೊಳೆಯಿರಿ, ಆಮೇಲೆ ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ ಚಿಮುಕಿಸಿ. ಹಿಕ್ಕೆ ಮೇಲೇ ಬ್ಲೀಚಿಂಗ್ ಹಾಕಿದ್ರೆ ಕೆಲಸ ಮಾಡಲ್ಲ. ಗೋಡೆಗೆ ಸುಣ್ಣ ಬಳಿದು, ಬಿಸಿಲು ಬೀಳೋ ಹಾಗೆ ತೆರೆದಿಟ್ಟು, ಹೊಸ ಕೋಳಿ ತರೋಕೆ ಒಂದು ತಿಂಗಳಾದ್ರೂ ಬಿಡಿ.

ಒಂದು ಎಚ್ಚರಿಕೆ. ಒಂದೇ ದಿನದಲ್ಲಿ ದಿಢೀರ್ ಅಂತ ಹತ್ತಾರು ಕೋಳಿ ಸತ್ರೆ, ಜುಟ್ಟು ನೀಲಿಗಟ್ಟಿ ತಲೆ ಊದಿದ್ರೆ, ಕೊಕ್ಕರೆ ಅಂತ ನೀವೇ ತೀರ್ಮಾನ ಮಾಡ್ಬೇಡಿ. ಹಕ್ಕಿಜ್ವರವೂ ಹೀಗೇ ಕಾಣುತ್ತೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಸಿಕ್ಕಿದ್ದು ದೊಡ್ಡ ಫಾರಂನಲ್ಲಲ್ಲ, ಮನೇಲಿ ಸಾಕಿದ ಕೋಳಿಗಳಲ್ಲಿ. ಅದು ಮನುಷ್ಯರಿಗೂ ಅಪಾಯ. ಬರೀ ಕೈಯಲ್ಲಿ ಮುಟ್ಬೇಡಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಮಕ್ಕಳನ್ನ ದೂರ ಇಡಿ, ತಕ್ಷಣ ಪಶು ಆಸ್ಪತ್ರೆಗೆ ಫೋನ್ ಮಾಡಿ. ಹಕ್ಕಿಜ್ವರ ಖಚಿತವಾಗಿ ಸರ್ಕಾರ ಕೋಳಿ ಕೊಂದ್ರೆ ಅದಕ್ಕೆ ಪರಿಹಾರ ಇದೆ, ಅದಕ್ಕೂ ಮುಂಚೆ ಸತ್ತು ಹೂತದ್ದಕ್ಕೆ ಇಲ್ಲ. ಬಚ್ಚಿಟ್ಟವರಿಗೆ ಎರಡೂ ಕಡೆ ನಷ್ಟ.

ಈ ವರ್ಷ ಶಿವರಾತ್ರಿಗೆ ಮೂರು ವಾರ ಮುಂಚೆ ನಮ್ಮ ಬೀದೀಲಿ ಲಸಿಕೆ ಹಾಕಿಸಿದ್ವಿ. ಏಳು ಮನೆ, 86 ಕೋಳಿ. ಬೆಳಗ್ಗೆ ಆರಕ್ಕೆ ಗೂಡಿಂದ ಬಿಡೋ ಮುಂಚೆಯೇ ಹಿಡಿದುಕೊಂಡಿದ್ದಕ್ಕೆ ಓಡಿಸೋ ಕೆಲಸ ಉಳೀತು, ಎರಡು ಹುಂಜ ಮಾತ್ರ ಮಾಡಿನ ಮೇಲೆ ಹತ್ತಿ ಕೂತು ಒಂದು ಗಂಟೆ ಆಟ ಆಡಿಸಿದ್ವು. ಕತ್ತು ಸೊಟ್ಟ ಇರೋ ನಮ್ಮ ಹ್ಯಾಟೆಗೂ ಹಾಕಿಸಿದ್ವಿ. ಬಾಟಲಿಯಲ್ಲಿ ಇನ್ನೂ 14 ಡೋಸ್ ಉಳಿದಿತ್ತು, ಕೆಳಗಿನ ಬೀದಿಯವರನ್ನ ಕೂಗಿ ಕರೆದ್ರೂ ಯಾರೂ ಬರಲಿಲ್ಲ, ಡಾಕ್ಟರ್ ಹೇಳಿದ ಹಾಗೆ ಕುದಿಸಿ ಚೆಲ್ಲಿದ್ವಿ. ಮುಂದಿನ ಸರದಿ ಗೌರಿ ಹಬ್ಬದ ಮುಂಚೆ. ಪಟ್ಟಿ ಬರೆಯೋಕೆ ಅಮ್ಮ ಶುರು ಮಾಡಿದ್ದಾಳೆ, ಕೆಳಗಿನ ಬೀದಿಯಿಂದ ಈ ಸಲ ಮೂರು ಮನೆ ಹೆಸರು ಕೊಟ್ಟಿದ್ದಾರೆ.